ನಂಬರ್ ಆಮೇಲೆ, ಮೊದಲು ಫ್ರೇಮ್ ನೋಡಿ

ಹಳೇ ಸೈಕಲ್ ಫ್ರೇಮ್ ಕೈಗೆ ಸಿಕ್ಕಿದ ತಕ್ಷಣ ಎಲ್ಲರೂ ಮಾಡುವುದು ಒಂದೇ ಕೆಲಸ. ಉಲ್ಟಾ ತಿರುಗಿಸಿ, ಪೆಡಲ್ ಆಕ್ಸಲ್ ಕೂರುವ ಬಾಟಮ್ ಬ್ರಾಕೆಟ್ ಅಡಿಯಲ್ಲಿ ಫ್ಯಾಕ್ಟರಿಯವರು ಒತ್ತಿದ ನಂಬರ್ ಹುಡುಕುತ್ತಾರೆ. ಫೋಟೋ ತೆಗೆದು, "ಇದು ಯಾವ ವರ್ಷದ್ದು?" ಅಂತ ಕೇಳುತ್ತಾರೆ. ಇದು ಸರಿಯಲ್ಲ ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ನಂಬರ್‌ನಲ್ಲಿ ವರ್ಷ ಇಟ್ಟವರು ಇದ್ದಾರೆ, ಇಲ್ಲ ಅಂತಲ್ಲ. ಅಮೆರಿಕದ ಶ್ವಿನ್ ಕಂಪನಿ 1965ರಿಂದ ಮೊದಲ ಅಕ್ಷರದಲ್ಲಿ ತಿಂಗಳು, ಎರಡನೆಯದರಲ್ಲಿ ವರ್ಷ ಇಡುತ್ತಿತ್ತು. ಅದೂ ನಂಬರ್ ಒತ್ತಿದ ದಿನ, ಸೈಕಲ್ ಜೋಡಿಸಿದ ದಿನ ಅಲ್ಲ. ಎಷ್ಟೋ ಕಂಪನಿಗಳದ್ದು ಬರೀ ಎಣಿಕೆ. ಫ್ಯಾಕ್ಟರಿಯ ಪುಸ್ತಕ ಕಳೆದುಹೋಗಿದ್ದರೆ ಆ ಎಣಿಕೆ ಇಟ್ಟುಕೊಂಡು ಏನು ಮಾಡ್ತೀರಿ?

ಇನ್ನೊಂದು ತಪ್ಪು ಬಿಡಿಭಾಗ ನೋಡಿ ವರ್ಷ ಹೇಳುವುದು. ಇದರಲ್ಲಿ ನಾನೇ ಬಿದ್ದಿದ್ದೇನೆ. ಒಂದು ಫ್ರೇಮ್ ಕೊಂಡಾಗ, ಮಾರಿದವರು ಅರವತ್ತರ ದಶಕದ್ದು ಅಂದರು, ಸಾಕ್ಷಿಗೆ ಹಿಂದಿನ ಚಕ್ರದ ಹಬ್, ಅಂದರೆ ಚಕ್ರದ ನಡುವಿನ ಗುಂಬ ತೋರಿಸಿದರು, ಅದು ಇಂಗ್ಲೆಂಡಿನ ಸ್ಟರ್ಮಿ ಆರ್ಚರ್ ಕಂಪನಿಯದ್ದು. ಸೀಮೆಎಣ್ಣೆ ಹಚ್ಚಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಜಿಡ್ಡಿನ ಕೆಳಗಿಂದ 62, ಪಕ್ಕದಲ್ಲಿ 5 ಕಾಣಿಸಿತು. ಅಂದರೆ 1962ರ ಮೇ. ಖುಷಿಯಾಗಿ ಕುಣಿದುಬಿಟ್ಟೆ.

ಚಕ್ರ ಬಿಚ್ಚಿದ ಮೇಲೆ ಗೊತ್ತಾಯಿತು, ಹಬ್‌ನ ಎರಡೂ ಕಡೆ ವಾಷರ್ ತುಂಬಿ ಕೂರಿಸಿದ್ದರು. ಸ್ಕೇಲ್ ಇಟ್ಟು ಹಿಂದಿನ ಫೋರ್ಕಿನ ಒಳ ಅಗಲ ಅಳೆದರೆ 126 ಮಿ.ಮೀ. ಸಾಮಾನ್ಯವಾಗಿ ಹಿಂದೆ ಐದು ಗೇರಿದ್ದ ಸೈಕಲ್‌ಗೆ 120 ಇರುತ್ತಿತ್ತು, ಆರು-ಏಳು ಗೇರಿಗೆ 126, ಎಂಟು ಬಂದ ಮೇಲೆ 130. ಅಂದರೆ ಫ್ರೇಮ್ ಆ ಹಬ್‌ಗಿಂತ ಈಚಿನದು ಅನ್ನಿಸಿತು. ಆದರೆ ಉಕ್ಕಿನ ಫ್ರೇಮನ್ನು ಎಳೆದು ಅಗಲ ಮಾಡಬಹುದಲ್ವಾ? ಹಾಗಾಗಿ ಅದೊಂದನ್ನೇ ನಂಬಲಿಲ್ಲ. ನೀರಿನ ಬಾಟಲಿ ಸಿಕ್ಕಿಸಲು ಎರಡು ಕೊಳವೆಗಳ ಮೇಲೂ ಬೆಸುಗೆ ಹಾಕಿದ ತಿರುಪಿನ ಗುಬುಟು ಇದ್ದವು. ಮೊದಲು ಬಾಟಲಿಯನ್ನು ಕ್ಲಾಂಪ್ ಹಾಕಿ ಬಿಗಿಯುತ್ತಿದ್ದರು, ಹೀಗೆ ಎರಡೂ ಕೊಳವೆಗೆ ಗುಬುಟು ಹಾಕುವುದು ಮಾಮೂಲಿ ಆಗಿದ್ದು ಎಂಬತ್ತರ ದಶಕದಲ್ಲಿ. ಆ ಗುಬುಟುಗಳ ಬುಡದಲ್ಲಿ ಬಣ್ಣ ಒಡೆದಿರಲಿಲ್ಲ, ಫ್ರೇಮಿನ ಬಣ್ಣವೇ ಒಂದೇ ಪದರವಾಗಿ ಹರಿದು ಹೋಗಿತ್ತು. ಆಮೇಲೆ ಅಂಟಿಸಿದ್ದಲ್ಲ. ಹಬ್ 1962ರದ್ದೇ, ಫ್ರೇಮ್ ಮಾತ್ರ ಅದಕ್ಕಿಂತ ಸುಮಾರು ಇಪ್ಪತ್ತು ವರ್ಷ ಚಿಕ್ಕದು.

ಹೀಗಾಗಿ ನಾನು ಈಗ "ಇದು ಯಾವ ವರ್ಷದ್ದು" ಅಂತ ಕೇಳುವುದನ್ನೇ ಬಿಟ್ಟಿದ್ದೇನೆ. "ಇದು ಯಾವುದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ" ಅಂತ ಕೇಳುತ್ತೇನೆ. ಫ್ರೇಮಿನ ಉಕ್ಕಿನ ಕೊಳವೆ ಮಾಡುವ ಬ್ರಿಟನ್ನಿನ ರೆನಾಲ್ಡ್ಸ್ ಕಂಪನಿಯ 531 ಸ್ಟಿಕ್ಕರ್ ಇದ್ದರೆ ಜಾಸ್ತಿ ಏನೂ ತಿಳಿಯುವುದಿಲ್ಲ, ಆ ಕೊಳವೆ 1935ರಿಂದಲೂ ಇದೆ, ಸ್ಟಿಕ್ಕರಿನ ವಿನ್ಯಾಸ ನೋಡಬೇಕು. ಅದೇ 753 ಅಂತಿದ್ದರೆ 1976ಕ್ಕಿಂತ ಹಳೆಯದಲ್ಲ. ಜಪಾನಿನ ಶಿಮಾನೊ ಕಂಪನಿಯ ಬಿಡಿಭಾಗಗಳ ಹಿಂಬದಿಯಲ್ಲಿ ಎರಡು ಅಕ್ಷರ ಇರುತ್ತವೆ, ಮೊದಲನೆಯದು ವರ್ಷ, ಎ ಅಂದರೆ 1976, ಎರಡನೆಯದು ತಿಂಗಳು. 'ಜಿ ಸಿ' ಅಂದರೆ 1982ರ ಮಾರ್ಚ್. ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಬ್ರೇಕ್, ಡಿರೇಲರ್ (ಚೈನನ್ನು ಗೇರಿಂದ ಗೇರಿಗೆ ಸರಿಸುವ ಭಾಗ) ಮೂರರಲ್ಲೂ ಕೆಲವೇ ತಿಂಗಳ ಅಂತರ ಇದ್ದು, ಫ್ರೇಮೂ ಅದನ್ನೇ ಹೇಳಿದರೆ ಆಗ ನಂಬಿ. ಒಂದೇ ಭಾಗ ನಂಬಿ ಕೂರಬೇಡಿ.

ಮತ್ತೆ ದಯವಿಟ್ಟು, ಇಷ್ಟೆಲ್ಲ ನೋಡುವ ಮೊದಲೇ ಬಣ್ಣ ಕೆರೆಯಬೇಡಿ. ಫಳಫಳ ಹೊಳೆಯಲಿ ಅಂತ ಸುಮ್ನೆ ಪೌಡರ್ ಕೋಟಿಂಗ್‌ಗೆ ಕೊಟ್ಟ ಫ್ರೇಮ್‌ಗಳನ್ನು ನೋಡಿದರೆ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ. ಸ್ಟಿಕ್ಕರ್ ಹೋಯಿತು, ಗುಬುಟಿನ ಸುತ್ತಲಿನ ಬಣ್ಣ ಹೋಯಿತು, ನಂಬರಿನ ಗುಂಡಿಯಲ್ಲಿ ಹೊಸ ಬಣ್ಣ ತುಂಬಿಕೊಂಡಿತು. ಕೆರೆಯಲೇಬೇಕಾ? ಮೊದಲು ನಂಬರ್ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ, ಒಂದೊಂದು ಜಾಯಿಂಟನ್ನೂ ಹತ್ತಿರದಿಂದ ಫೋಟೋ ತೆಗೆದಿಡಿ. ಕೆರೆಯುವುದು ಅದಾದ ಮೇಲೆ.