ಕೊನೆಗೆ ಟೋಪಿ ಹಾಕಿದ್ದು ಯಾರಿಗೆ? ‘ಫೋರ್ಟ್ ಅಪಾಚಿ’ಯ ಇಬ್ಬರು ಅಧಿಕಾರಿಗಳ ಜಟಾಪಟಿ

[ಪರದೆ ಕಪ್ಪು. ಕುದುರೆ ಗೊರಸಿನ ಸದ್ದು. ನಿಧಾನವಾಗಿ ಒಂದು ಟೋಪಿಯ ಚಿತ್ರ ಮೂಡುತ್ತದೆ: ಮುಂದೆ ಚಿಕ್ಕ ಅಂಚು, ಹಿಂದೆ ಕುತ್ತಿಗೆಗೆ ಬಿಸಿಲು ತಾಗದಂತೆ ಇಳಿಬಿಟ್ಟ ಬಟ್ಟೆ]

ಈ ಟೋಪಿಯನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ. ಇಡೀ ವಿಡಿಯೋ ಇದರ ಬಗ್ಗೆಯೇ.

1948ರಲ್ಲಿ ಬಂದ ‘ಫೋರ್ಟ್ ಅಪಾಚಿ’ ಅನ್ನುವ ಕಪ್ಪು-ಬಿಳುಪು ಸಿನಿಮಾದಲ್ಲಿ ಈ ಟೋಪಿ ಮೊದಲು ಒಬ್ಬನ ತಲೆಯ ಮೇಲಿರುತ್ತದೆ. ಆ ಮನುಷ್ಯನನ್ನು ನಾವು ಎರಡು ಗಂಟೆ ಬೈದುಕೊಂಡು ನೋಡುತ್ತೇವೆ. ಕೊನೆಯ ದೃಶ್ಯದಲ್ಲಿ ಅಂಥದೇ ಟೋಪಿ ಇನ್ನೊಬ್ಬನ ತಲೆಗೆ ಏರುತ್ತದೆ. ಅವನನ್ನು ನಾವು ಅಷ್ಟೂ ಹೊತ್ತು ಮೆಚ್ಚಿಕೊಂಡಿರುತ್ತೇವೆ. ಅವನು ಯಾಕೆ ಅದನ್ನು ಹಾಕಿಕೊಂಡ? ಎಪ್ಪತ್ತು ವರ್ಷ ದಾಟಿದರೂ ಈ ಪ್ರಶ್ನೆಗೆ ಜನ ಜಗಳ ಆಡುತ್ತಲೇ ಇದ್ದಾರೆ.

ನಮಸ್ಕಾರ. ಕಥೆ ಪೂರ್ತಿ ಹೇಳಿಬಿಡುತ್ತೇನೆ. ಸಿನಿಮಾ ನೋಡಿಲ್ಲ, ಕೊನೆ ಗೊತ್ತಾಗಬಾರದು ಅನ್ನುವವರು ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ.

[ಕೆಂಪು ಕಲ್ಲಿನ ಬೃಹತ್ ಗುಡ್ಡಗಳು. ಮರುಭೂಮಿಯಲ್ಲಿ ಒಂಟಿ ಕುದುರೆ ಗಾಡಿ]

ನಿರ್ದೇಶಕ ಜಾನ್ ಫೋರ್ಡ್. ಅಮೆರಿಕದ ಅಶ್ವದಳದ ಬಗ್ಗೆ ಅವರು ಸಾಲಾಗಿ ಮೂರು ಸಿನಿಮಾ ಮಾಡಿದರು. 1948ರಲ್ಲಿ ಇದು, 1949 ಮತ್ತು 1950ರಲ್ಲಿ ಇನ್ನೆರಡು. ಮೂರರಲ್ಲೂ ಜಾನ್ ವೇಯ್ನ್ ಇದ್ದಾರೆ. ಜೇಮ್ಸ್ ವಾರ್ನರ್ ಬೆಲ್ಲಾ ಬರೆದ ಒಂದು ಸಣ್ಣ ಕಥೆಯನ್ನು ಚಿತ್ರಕಥೆ ಮಾಡಿದವರು ಫ್ರ್ಯಾಂಕ್ ನ್ಯೂಜೆಂಟ್. ಈ ನ್ಯೂಜೆಂಟ್ ಮೊದಲು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಸಿನಿಮಾ ವಿಮರ್ಶಕ. ಬೇರೆಯವರ ಸಿನಿಮಾ ಕುಟ್ಟುತ್ತಿದ್ದವರ ಕೈಗೇ ಫೋರ್ಡ್ ಪೆನ್ನು ಕೊಟ್ಟರು. ಕಥೆ ಬರೆಯುವ ಮೊದಲು ಪ್ರತಿ ಪಾತ್ರಕ್ಕೂ ಹುಟ್ಟಿದ ಊರು, ಓದು, ಅಭ್ಯಾಸ ಎಲ್ಲ ಸೇರಿಸಿ ಒಂದು ಜಾತಕ ಬರೆಸಿದರು. ಅದರ ಲಾಭ ಸಿನಿಮಾದ ಉದ್ದಕ್ಕೂ ಕಾಣುತ್ತದೆ.

ಕಥೆ ಶುರುವಾಗುವುದು ಎಲ್ಲರಿಗೂ ಗೊತ್ತಿರುವ ಫಾರ್ಮುಲಾದಿಂದ. ಹೊಸ ಸಾಹೇಬ ಬರುತ್ತಾನೆ. ಹಳಬರಿಗೆ ಅವನು ಹಿಡಿಸುವುದಿಲ್ಲ.

ಲೆಫ್ಟಿನೆಂಟ್ ಕರ್ನಲ್ ಓವನ್ ಥರ್ಸ್‌ಡೇ. ಹೌದು, ಹೆಸರೇ ಗುರುವಾರ. ಅಮೆರಿಕದ ಅಂತರ್ಯುದ್ಧದಲ್ಲಿ ಅವನು ಜನರಲ್ ಆಗಿದ್ದವನು. ಆ ಯುದ್ಧದಲ್ಲಿ ಎಷ್ಟೋ ಜನಕ್ಕೆ ತಾತ್ಕಾಲಿಕ ಬಡ್ತಿ ಸಿಕ್ಕಿತ್ತು. 1865ರಲ್ಲಿ ಯುದ್ಧ ಮುಗಿದಿದ್ದೇ ತಡ, ಸೈನ್ಯ ಚಿಕ್ಕದಾಯಿತು, ಜನರಲ್‌ಗಳು ಕರ್ನಲ್ ಆದರು, ಕರ್ನಲ್‌ಗಳು ಕ್ಯಾಪ್ಟನ್ ಆದರು. ಇದು ನಿಜವಾಗಿ ನಡೆದ ಇತಿಹಾಸ. ಥರ್ಸ್‌ಡೇಗೆ ಆ ಸಂಕಟ ಹೊಟ್ಟೆಯಲ್ಲಿ ಉರಿಯುತ್ತಲೇ ಇದೆ. ಅರಿಜೋನಾದ ಈ ಮೂಲೆ ಕೋಟೆಗೆ ವರ್ಗ ಆಗಿದ್ದು ಅವನ ಲೆಕ್ಕದಲ್ಲಿ ನೀರಿಲ್ಲದ ಊರಿಗೆ ಹಾಕಿದ ಹಾಗೆ.

ಪಾತ್ರ ಮಾಡಿದ್ದು ಹೆನ್ರಿ ಫಾಂಡಾ. ಅಲ್ಲಿಯವರೆಗೆ ಫೋರ್ಡ್ ಸಿನಿಮಾಗಳಲ್ಲಿ ಅವರು ಅಬ್ರಹಾಂ ಲಿಂಕನ್, ನ್ಯಾಯವಂತ ಮಾರ್ಷಲ್, ಬಡ ರೈತನ ಮಗ. ಅಂದರೆ ಒಳ್ಳೆಯತನದ ಮುಖ. ಆ ಮುಖವನ್ನೇ ಕಲ್ಲು ಮಾಡಿ ನಿಲ್ಲಿಸಿದ್ದಾರೆ.

[ಅಧಿಕಾರಿಗಳ ಸಭೆ. ಒಬ್ಬೊಬ್ಬರದು ಒಂದೊಂದು ಥರದ ಉಡುಪು]

ಬಂದ ಕೂಡಲೇ ಥರ್ಸ್‌ಡೇ ಎಲ್ಲರನ್ನೂ ಸೇರಿಸಿ ಉಡುಪಿನ ಪಾಠ ಮಾಡುತ್ತಾನೆ. ಸಮವಸ್ತ್ರ ಅಂದರೆ ನಿಮ್ಮ ನಿಮ್ಮ ಇಷ್ಟ ಅಲ್ಲ, ಇಲ್ಲಿ ಯಾರೂ ದನಗಾಹಿಗಳಲ್ಲ ಅಂತ. ಅವನ ಎದುರಿಗೆ ಅಗಲ ಅಂಚಿನ, ದೂಳು ಹಿಡಿದ ಟೋಪಿಯ ಕ್ಯಾಪ್ಟನ್ ಕರ್ಬಿ ಯಾರ್ಕ್ ಇದ್ದಾನೆ. ಅಂದರೆ ಜಾನ್ ವೇಯ್ನ್. ಕೂಗಾಡುವುದಿಲ್ಲ. ಆ ನೆಲ ಅವನಿಗೆ ಗೊತ್ತು, ಅಷ್ಟೇ.

ಇವರಿಬ್ಬರ ಜಟಾಪಟಿ ಅರ್ಥ ಆಗಬೇಕಾದರೆ ಒಂದೇ ಮಾತು ಸಾಕು. ದಾರಿಯಲ್ಲಿ ಅಪಾಚಿಗಳನ್ನು, ಅಂದರೆ ಆ ನೆಲದ ಮೂಲನಿವಾಸಿಗಳನ್ನು, ನೋಡಿದೆ ಅಂತ ಥರ್ಸ್‌ಡೇ ಹೇಳುತ್ತಾನೆ. ಯಾರ್ಕ್ ತಣ್ಣಗೆ ಹೇಳುತ್ತಾನೆ: ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಅವರು ಅಪಾಚಿಗಳಲ್ಲ ಸರ್.

ಒಬ್ಬ ಕಂಡಿದ್ದನ್ನು ನಂಬುತ್ತಾನೆ. ಇನ್ನೊಬ್ಬನಿಗೆ ಕಾಣದಿದ್ದುದೂ ಗೊತ್ತಾಗುತ್ತದೆ. ಸಿನಿಮಾದ ದೊಡ್ಡ ಯುದ್ಧ ನಿಂತಿರುವುದೂ ಇದೇ ವ್ಯತ್ಯಾಸದ ಮೇಲೆ.

ಆದರೆ ಥರ್ಸ್‌ಡೇಯನ್ನು ಸುಮ್ನೆ ವಿಲನ್ ಅಂದುಬಿಟ್ಟರೆ ಸಿನಿಮಾ ಕೈತಪ್ಪಿ ಹೋಗುತ್ತದೆ. ಮೀಚಮ್ ಅನ್ನುವ ಸರ್ಕಾರಿ ಏಜೆಂಟ್‌ನ ಪ್ರಸಂಗ ನೋಡಿ. ಅಪಾಚಿಗಳಿಗೆ ರೇಷನ್ ಕೊಡಬೇಕಾದವನು ಅವನು. ಕೊಡುವುದು ಕಳಪೆ ಹೆಂಡ, ಕದ್ದುಮುಚ್ಚಿ ಬಂದೂಕು, ತೂಕದಲ್ಲಿ ಮೋಸ. ಇದು ಬರೀ ಕಟ್ಟುಕಥೆ ಅಲ್ಲ. ಗಡಿ ಕೋಟೆಯ ಅಂಗಡಿ ಗುತ್ತಿಗೆಯಲ್ಲಿ ಲಂಚ ತಿಂದ ಆರೋಪಕ್ಕೆ 1876ರಲ್ಲಿ ಅಮೆರಿಕದ ಯುದ್ಧ ಮಂತ್ರಿ ವಿಲಿಯಂ ಬೆಲ್ಕ್‌ನಾಪ್ ರಾಜೀನಾಮೆ ಕೊಡಬೇಕಾಯಿತು. ಸಿನಿಮಾದಲ್ಲಿ ಮೀಚಮ್‌ನ ಬಣ್ಣ ಬಯಲು ಮಾಡುವುದು ಥರ್ಸ್‌ಡೇಯೇ. ಮುಖದ ಮೇಲೆ ಬೈಯುತ್ತಾನೆ. ಅದೇ ಉಸಿರಿನಲ್ಲಿ, ನೀನು ಸರ್ಕಾರದ ಪ್ರತಿನಿಧಿ, ನಿನಗೆ ರಕ್ಷಣೆ ಕೊಡುವುದು ನನ್ನ ಕೆಲಸ ಅನ್ನುತ್ತಾನೆ.

ಕಳ್ಳ ಅಂತ ಗೊತ್ತು. ಆದರೂ ಕಾಯುತ್ತಾನೆ. ಯಾಕೆಂದರೆ ಪುಸ್ತಕದಲ್ಲಿ ಹಾಗಿದೆ. ನನಗೆ ಇಡೀ ಸಿನಿಮಾದಲ್ಲಿ ಜಾಸ್ತಿ ಭಯ ಹುಟ್ಟಿಸಿದ್ದು ಈ ದೃಶ್ಯ. ಯುದ್ಧದ ದೃಶ್ಯ ಅಲ್ಲ.

[ಬ್ಯಾಂಡ್ ಸಂಗೀತ. ನೃತ್ಯದ ದೃಶ್ಯ]

ಇನ್ನು ಉಳಿದ ಫಾರ್ಮುಲಾಗಳು. ಥರ್ಸ್‌ಡೇ ಮಗಳು ಫಿಲಡೆಲ್ಫಿಯಾ, ಸಾರ್ಜೆಂಟ್ ಮೇಜರ್ ಓ'ರೂರ್ಕ್‌ನ ಮಗ ಮೈಕಲ್. ಸಾಹೇಬರ ಮಗಳು, ಕೆಳಗಿನವರ ಹುಡುಗ. ಪಾತ್ರ ಮಾಡಿದ ಶರ್ಲಿ ಟೆಂಪಲ್ ಮತ್ತು ಜಾನ್ ಏಗರ್ ಆಗ ನಿಜ ಜೀವನದಲ್ಲೂ ಗಂಡ ಹೆಂಡತಿ. ಆದರೂ ಪ್ರೇಮದ ದೃಶ್ಯಗಳು ಸಪ್ಪೆ. ಹೆಂಡ ನಾಶ ಮಾಡಿ ಅಂದರೆ ಕುಡಿದೇ ನಾಶ ಮಾಡುವ ಐರಿಷ್ ಸಾರ್ಜೆಂಟ್‌ಗಳ ತಮಾಷೆ ಮೊದಲ ಸಲ ನಗಿಸುತ್ತದೆ, ಆಮೇಲೆ ಎಳೆದ ಹಾಗೆ ಅನ್ನಿಸುತ್ತದೆ. ಇವೆಲ್ಲ ಬೇಗ ದಾಟಿಬಿಡೋಣ.

ಒಂದು ವಿಷಯ ಮಾತ್ರ ಬಿಡುವ ಹಾಗಿಲ್ಲ. ಹುಡುಗ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ಓದಿ ಬಂದ ಅಧಿಕಾರಿ. ಸಾರ್ಜೆಂಟ್ ಮಗನಿಗೆ ಅಲ್ಲಿ ಸೀಟು ಹೇಗೆ ಸಿಕ್ಕಿತು ಅಂತ ಥರ್ಸ್‌ಡೇಗೆ ಅನುಮಾನ. ಅಧ್ಯಕ್ಷರು ಕೊಡುವ ಸೀಟು, ಸೈನ್ಯದ ಅತಿ ದೊಡ್ಡ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಪಡೆದವರ ಮಕ್ಕಳಿಗೆ ಮಾತ್ರ ಅಲ್ವಾ ಅಂತ ಕೇಳುತ್ತಾನೆ. ನನಗೂ ಹಾಗೇ ತಿಳಿದಿದೆ ಸರ್ ಅನ್ನುತ್ತಾನೆ ಅಪ್ಪ. ಅಷ್ಟೇ ಮಾತು. ಪದಕ ಯಾರ ಎದೆಯ ಮೇಲಿದೆ ಅಂತ ಬಿಡಿಸಿ ಹೇಳಬೇಕಿಲ್ಲ. ಆದರೂ ಆ ಹುಡುಗನ ಹೆಸರು ಥರ್ಸ್‌ಡೇ ನಾಲಿಗೆಗೆ ಹತ್ತುವುದಿಲ್ಲ. ಓ'ರೂರ್ಕ್ ಅನ್ನುವ ಬದಲು ಮರ್ಫಿ ಅನ್ನುತ್ತಾನೆ. ಈ ತಪ್ಪು ಹೆಸರನ್ನೂ ನೆನಪಿಡಿ.

[ನಕ್ಷೆ: ಅರಿಜೋನಾ, ಮೆಕ್ಸಿಕೋ ಗಡಿ]

ಮೀಚಮ್‌ನ ಕಾಟ ತಾಳದೆ ಅಪಾಚಿ ನಾಯಕ ಕೊಚೀಸ್ ತನ್ನ ಜನರನ್ನು ಕರೆದುಕೊಂಡು ಮೆಕ್ಸಿಕೋಗೆ ಹೋಗಿರುತ್ತಾನೆ. ಯಾರ್ಕ್ ಒಬ್ಬ ಸಾರ್ಜೆಂಟ್ ಜೊತೆ ಅಲ್ಲಿಗೇ ಹೋಗಿ, ವಾಪಸ್ ಬಾ, ಮಾತಾಡೋಣ ಅಂತ ಭಾಷೆ ಕೊಟ್ಟು ಬರುತ್ತಾನೆ. ಅವನ ಮಾತು ನಂಬಿ ಕೊಚೀಸ್ ಗಡಿ ದಾಟಿ ಬರುತ್ತಾನೆ. ಇತ್ತ ಕೋಟೆಯಲ್ಲಿ ನೃತ್ಯ ನಡೆಯುತ್ತಿರುತ್ತದೆ. ಸಂಪ್ರದಾಯದ ಪ್ರಕಾರ ಥರ್ಸ್‌ಡೇ ಸಾರ್ಜೆಂಟ್ ಮೇಜರ್ ಹೆಂಡತಿಯ ಜೊತೆ ಬಿಗಿದ ಮುಖದಲ್ಲಿ ಹೆಜ್ಜೆ ಹಾಕುತ್ತಾನೆ. ಯಾರ್ಕ್ ಸುದ್ದಿ ತಂದ ಕೂಡಲೇ ಡಾನ್ಸ್ ನಿಲ್ಲುತ್ತದೆ. ಬೆಳಗ್ಗೆ ಇಡೀ ರೆಜಿಮೆಂಟ್ ಹೊರಡಬೇಕು ಅಂತ ಆಜ್ಞೆ. ಸಂಧಾನಕ್ಕಲ್ಲ, ಹಿಡಿಯುವುದಕ್ಕೆ.

ನಾನು ಮಾತು ಕೊಟ್ಟಿದ್ದೇನೆ ಅನ್ನುತ್ತಾನೆ ಯಾರ್ಕ್. ಒಬ್ಬ ಅಮೆರಿಕನ್ ಅಧಿಕಾರಿಗೂ ಕೊಚೀಸ್‌ಗೂ ನಡುವೆ ಮಾನದ ಪ್ರಶ್ನೆಯೇ ಬರುವುದಿಲ್ಲ ಅನ್ನುತ್ತಾನೆ ಥರ್ಸ್‌ಡೇ. ನನಗೆ ಬರುತ್ತದೆ ಸರ್ ಅನ್ನುತ್ತಾನೆ ಯಾರ್ಕ್.

ಹಾಗಂದವನು ರಾಜೀನಾಮೆ ಕೊಡುತ್ತಾನಾ? ಇಲ್ಲ. ಬೆಳಗ್ಗೆ ಕುದುರೆ ಹತ್ತುತ್ತಾನೆ. ಇದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಕೊನೆಯ ದೃಶ್ಯದ ಟೋಪಿಯ ಬೀಜ ಬಿದ್ದಿದ್ದು ಇಲ್ಲೇ ಅನ್ನುವುದು ನನ್ನ ವಾದ.

[ಕೋಟೆಯ ಮೇಲೆ ನಿಂತ ಹೆಂಗಸರು. ದೂರ ಹೋಗುತ್ತಿರುವ ಸಾಲು]

ಹೊರಡುವ ಹೊತ್ತಿಗೆ ಕ್ಯಾಪ್ಟನ್ ಕಾಲಿಂಗ್‌ವುಡ್‌ಗೆ ಅವನು ವರ್ಷಗಟ್ಟಲೆ ಕಾದಿದ್ದ ವರ್ಗಾವಣೆ ಪತ್ರ ಬರುತ್ತದೆ. ಓಡಿಹೋಗಿ ಕರೆಸಬಹುದು. ಹಳೆಯ ಯುದ್ಧದಿಂದ ಅವನ ಮೇಲೆ ಒಂದು ಕಳಂಕ ಇದೆ, ಥರ್ಸ್‌ಡೇಗೂ ಅದು ಗೊತ್ತು. ಈಗ ಹಿಂದೆ ಬಂದರೆ ಹೇಡಿ ಅನ್ನುತ್ತಾರೆ. ಹೆಂಡತಿ ಎಮಿಲಿ ಕರೆಯುವುದಿಲ್ಲ. ಗಂಡ ಕಾಣುತ್ತಿಲ್ಲ, ಬಾವುಟ ಮಾತ್ರ ಕಾಣುತ್ತಿದೆ ಅನ್ನುತ್ತಾಳೆ.

ಗುಡ್ಡಗಳ ನಡುವೆ ಥರ್ಸ್‌ಡೇ ಕಣ್ಣಿಗೆ ದೂರದಲ್ಲಿ ದೂಳು ಕಾಣುತ್ತದೆ. ಶತ್ರು ಅಲ್ಲಿದ್ದಾನೆ ಅಂತ ಲೆಕ್ಕ. ಅಲ್ಲ ಅನ್ನುತ್ತಾನೆ ಯಾರ್ಕ್. ಅದು ಹೆಂಗಸರು ಮಕ್ಕಳು ಪೊದೆ ಎಳೆದು ಎಬ್ಬಿಸಿದ ದೂಳು, ಗಂಡಸರು ಈ ಕಣಿವೆಯ ಬಂಡೆ ಹಿಂದೆ ಕೂತಿದ್ದಾರೆ. ನೋಡಿದ್ದೀಯಾ? ಇಲ್ಲ. ಮತ್ತೆ ಹೇಗೆ ಗೊತ್ತು? ನಾನು ಕೊಚೀಸ್ ಆಗಿದ್ದರೆ ಅಲ್ಲೇ ಕೂರಿಸುತ್ತಿದ್ದೆ.

ಇಲ್ಲಿ ಒಂದು ಮಾತು. ಕೋಟೆಯ ಹೆಂಗಸರಿಗೆ ಫೋರ್ಡ್ ಎಷ್ಟು ದೃಶ್ಯ ಕೊಟ್ಟಿದ್ದಾರೆ ನೋಡಿ. ಅಡುಗೆ, ಕುರ್ಚಿ, ಕಣ್ಣೀರು, ಬಾವುಟ. ಅಪಾಚಿ ಹೆಂಗಸರಿಗೆ ಸಿಕ್ಕಿದ್ದು ಆ ದೂಳು ಮಾತ್ರ. 1948ಕ್ಕೆ ಕೊಚೀಸ್‌ನನ್ನು ಘನತೆಯ ಮನುಷ್ಯನಾಗಿ ತೋರಿಸಿದ್ದು ದೊಡ್ಡದು, ಒಪ್ಪುತ್ತೇನೆ. ಆದರೆ ಅವನ ಪಾತ್ರ ಮಾಡಿದ್ದು ಮೆಕ್ಸಿಕೋದ ನಟ ಮಿಗೆಲ್ ಇಂಕ್ಲಾನ್. ಹಿಂದಿನ ಸವಾರರಲ್ಲಿ ಹಲವರು ಚಿತ್ರೀಕರಣ ನಡೆದ ಮಾನ್ಯುಮೆಂಟ್ ವ್ಯಾಲಿಯ ನವಾಹೋ ಅನ್ನುವ ಬೇರೆ ಬುಡಕಟ್ಟಿನ ಜನ. ನಿಜವಾದ ಕೊಚೀಸ್ 1872ರಲ್ಲಿ ಜನರಲ್ ಹೋವರ್ಡ್ ಜೊತೆ ಶಾಂತಿ ಮಾಡಿಕೊಂಡು, 1874ರಲ್ಲಿ ತನ್ನ ನೆಲದಲ್ಲೇ ತೀರಿಕೊಂಡ. ಇಂಥ ಯುದ್ಧ ಅವನು ಮಾಡಿದ್ದೇ ಇಲ್ಲ.

ಥರ್ಸ್‌ಡೇ ಯಾರ್ಕ್‌ಗೆ ಹೇಡಿ ಅನ್ನುತ್ತಾನೆ. ಯಾರ್ಕ್ ಕೈಗವಸು ಬಿಸಾಕಿ ಸವಾಲು ಹಾಕುತ್ತಾನೆ. ಸವಾಲು ಸ್ವೀಕರಿಸದ ಥರ್ಸ್‌ಡೇ ಅವನನ್ನು ಸಾಮಾನಿನ ಗಾಡಿ ಕಾಯಲು ಹಿಂದಕ್ಕೆ ಕಳಿಸುತ್ತಾನೆ. ಶಿಕ್ಷೆ ಅಂತ ಕೊಟ್ಟಿದ್ದೇ ಯಾರ್ಕ್ ಜೀವ ಉಳಿಸುತ್ತದೆ. ಕಹಳೆ ಊದುತ್ತದೆ. ನಾಲ್ಕು ನಾಲ್ಕು ಕುದುರೆಗಳ ಸಾಲು ನೇರ ಕಣಿವೆಯ ಬಾಯಿಗೆ ನುಗ್ಗುತ್ತದೆ.

ಗಾಯಗೊಂಡು ಬಿದ್ದ ಥರ್ಸ್‌ಡೇಯನ್ನು ಕರೆತರಲು ಯಾರ್ಕ್ ಓಡುತ್ತಾನೆ. ಥರ್ಸ್‌ಡೇ ಅವನ ಕುದುರೆ, ಕತ್ತಿ ಇಸಿದುಕೊಂಡು ಸಾಯುತ್ತಿರುವ ತನ್ನ ಜನರ ಹತ್ತಿರಕ್ಕೇ ವಾಪಸ್ ಹೋಗುತ್ತಾನೆ. ಸಾರ್ಜೆಂಟ್ ಮೇಜರ್ ಓ'ರೂರ್ಕ್‌ಗೆ ಕ್ಷಮೆ ಕೇಳುತ್ತಾನೆ. ಅದನ್ನು ನಮ್ಮ ಮೊಮ್ಮಕ್ಕಳಿಗೆ ಇಟ್ಟಿರಿ ಸರ್ ಅನ್ನುತ್ತಾನೆ ಮುದುಕ. ಅಲ್ಲಿಯವರೆಗೆ ಥರ್ಸ್‌ಡೇ ಮೇಲೆ ಇದ್ದ ಸಿಟ್ಟು ಆ ಕ್ಷಣ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ಮೂರ್ಖ ಹೌದು. ಹೇಡಿ ಅಲ್ಲ.

[ಮೌನ. ದೂಳು. ನೆಲಕ್ಕೆ ಚುಚ್ಚಿದ ರೆಜಿಮೆಂಟ್ ಬಾವುಟ]

ಗಾಡಿಗಳ ಹತ್ತಿರ ಅಪಾಚಿಗಳು ಬರುತ್ತಾರೆ. ಯಾರ್ಕ್ ಆಯುಧ ಬಿಚ್ಚಿಟ್ಟು ಒಬ್ಬನೇ ಮುಂದೆ ನಡೆಯುತ್ತಾನೆ. ಕೊಚೀಸ್ ಗೆದ್ದ ಬಾವುಟವನ್ನು ಅವನ ಮುಂದೆ ನೆಲಕ್ಕೆ ಚುಚ್ಚಿ ಹೊರಟುಹೋಗುತ್ತಾನೆ. ಮಾತು ಕೊಟ್ಟು ಉಳಿಸಿಕೊಳ್ಳಲಾಗದವನನ್ನು ಕೊಲ್ಲದೆ ಬಿಟ್ಟ.

ಇಲ್ಲಿಗೇ ಮುಗಿಸಬಹುದಿತ್ತು. ಫೋರ್ಡ್ ಮುಗಿಸುವುದಿಲ್ಲ.

[ಹಳೆಯ ಲಿಥೋಗ್ರಾಫ್: ಕಸ್ಟರ್‌ನ ಕೊನೆಯ ಯುದ್ಧ]

ಸ್ವಲ್ಪ ಇತಿಹಾಸ. 1876ರ ಜೂನ್ 25ರಂದು ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ನದಿ ಹತ್ತಿರ ಲೆಫ್ಟಿನೆಂಟ್ ಕರ್ನಲ್ ಜಾರ್ಜ್ ಕಸ್ಟರ್ ತನ್ನ ಜೊತೆಗಿದ್ದ ಐದು ತುಕಡಿಗಳ ಸಮೇತ ಸತ್ತ. ಎದುರಿಗಿದ್ದವರು ಲಕೋಟಾ ಮತ್ತು ಶಾಯೆನ್ ಬುಡಕಟ್ಟುಗಳ ಜನ. ಅವನೂ ಅಂತರ್ಯುದ್ಧದಲ್ಲಿ ಜನರಲ್ ಆಗಿದ್ದವನೇ. ಹೆಂಡತಿ ಲಿಬ್ಬಿ 1933ರವರೆಗೆ ಬದುಕಿ, ಪುಸ್ತಕ ಬರೆದು ಗಂಡನ ಹೆಸರು ಕಾಪಾಡಿದಳು. 1896ರಿಂದ ಆನ್‌ಹೈಸರ್ ಬುಷ್ ಬಿಯರ್ ಕಂಪನಿ ಆ ಯುದ್ಧದ ಬಣ್ಣದ ಚಿತ್ರ ಅಚ್ಚು ಹಾಕಿಸಿ ಸಲೂನ್‌ಗಳಿಗೆ ಹಂಚಿತು. ದೇಶದ ಕುಡುಕರೆಲ್ಲ ಗ್ಲಾಸ್ ಹಿಡಿದು ನೋಡಿದ್ದು ಆ ಕಸ್ಟರ್‌ನನ್ನು. ಥರ್ಸ್‌ಡೇ ಹುಟ್ಟಿದ್ದು ಈ ನೆರಳಿನಲ್ಲಿ.

ಕೊನೆಯ ದೃಶ್ಯ. ಕೆಲವು ವರ್ಷ ಕಳೆದಿವೆ. ಯಾರ್ಕ್ ಈಗ ರೆಜಿಮೆಂಟ್‌ನ ಮುಖ್ಯಸ್ಥ. ಪತ್ರಕರ್ತರು ಬಂದಿದ್ದಾರೆ. ವಾಷಿಂಗ್ಟನ್‌ನಲ್ಲಿ ‘ಥರ್ಸ್‌ಡೇ ದಾಳಿ’ಯ ಭರ್ಜರಿ ವರ್ಣಚಿತ್ರ ನೋಡಿದೆ ಅನ್ನುತ್ತಾನೆ ಒಬ್ಬ. ಚಿತ್ರದ ವಿವರ ಎಲ್ಲ ಸುಳ್ಳು. ಯಾರ್ಕ್ ಹೇಳುತ್ತಾನೆ: ಒಂದೊಂದು ವಿವರವೂ ಸರಿಯಾಗಿದೆ. ಅವನಷ್ಟು ಧೈರ್ಯವಾಗಿ ಯಾರೂ ಸತ್ತಿಲ್ಲ.

ಮೊದಲನೆಯದು ಹಸಿ ಸುಳ್ಳು. ಎರಡನೆಯದು ಹೆಚ್ಚುಕಡಿಮೆ ನಿಜ. ಅಶ್ವತ್ಥಾಮ ಸತ್ತ ಅಂತ ಗಟ್ಟಿಯಾಗಿ ಹೇಳಿ, ಆನೆಯೋ ಮನುಷ್ಯನೋ ಅಂತ ಗೊಣಗಿದ ಧರ್ಮರಾಯ ನೆನಪಾಗುತ್ತಾನೆ. ವ್ಯತ್ಯಾಸ ಅಂದರೆ, ಧರ್ಮರಾಯನ ರಥ ನೆಲಕ್ಕೆ ಇಳಿಯಿತು. ಯಾರ್ಕ್‌ಗೆ ಬಡ್ತಿ ಸಿಕ್ಕಿದೆ.

ಯಾಕೆ ಸುಳ್ಳು ಹೇಳಿದ? ಸತ್ತವರ ಮನೆಯವರಿಗಾಗಿ ಅನ್ನುವವರಿದ್ದಾರೆ. ರೆಜಿಮೆಂಟ್ ಮಾನಕ್ಕಾಗಿ ಅನ್ನುವವರೂ ಇದ್ದಾರೆ. ಫೋರ್ಡ್ ಅವರೇ ಮುಂದೆ ನಿರ್ದೇಶಕ ಪೀಟರ್ ಬೊಗ್ದಾನೊವಿಚ್ ಜೊತೆ ಮಾತಾಡುತ್ತಾ, ದೇಶಕ್ಕೆ ವೀರರು ಬೇಕು, ಅವರು ನಿಜವಾಗಿ ವೀರರಲ್ಲದಿದ್ದರೂ ಪರವಾಗಿಲ್ಲ ಅನ್ನುವ ಅರ್ಥದಲ್ಲಿ ಹೇಳಿದರು. ಕಸ್ಟರ್ ಹೆಸರನ್ನೇ ತೆಗೆದರು. ನನಗೆ ಆ ಉತ್ತರ ಸಾಲದು. ಯಾಕೆಂದರೆ ಸುಳ್ಳನ್ನು ಕೇಳುವ ಪತ್ರಕರ್ತರಿಗಿಂತ ಮೊದಲು ಸತ್ಯವನ್ನು ನಮಗೆ ಎರಡು ಗಂಟೆ ತೋರಿಸಿದವರು ಫೋರ್ಡ್ ಅವರೇ. ವೀರರು ಬೇಕು ಅಂತ ಇಷ್ಟೊಂದು ನಂಬಿದ್ದರೆ ಕಣಿವೆಯನ್ನು ತೋರಿಸಬೇಕಿರಲಿಲ್ಲ.

[ಕಿಟಕಿ ಗಾಜು. ಅದರಲ್ಲಿ ಸಾಗುವ ಸವಾರರ ಬಿಂಬ]

ಒಬ್ಬ ಪತ್ರಕರ್ತ ಸತ್ತವರಲ್ಲಿ ಇನ್ನೊಬ್ಬನ ಹೆಸರೆತ್ತುತ್ತಾನೆ. ಕಾಲಿಂಗ್‌ವರ್ತ್ ಅನ್ನುತ್ತಾನೆ. ಕಾಲಿಂಗ್‌ವುಡ್ ಅಂತ ಯಾರ್ಕ್ ತಿದ್ದುತ್ತಾನೆ. ಚಿತ್ರದ ಅಷ್ಟು ದೊಡ್ಡ ಸುಳ್ಳನ್ನು ಒಪ್ಪಿದವನು ಒಂದು ಹೆಸರಿನ ತಪ್ಪನ್ನು ಮಾತ್ರ ಬಿಡುವುದಿಲ್ಲ. ಥರ್ಸ್‌ಡೇಗೂ ಅವನಿಗೂ ಉಳಿದ ವ್ಯತ್ಯಾಸ ಅಷ್ಟೇ ಅಂತ ಕಾಣುತ್ತದೆ.

ಆಮೇಲೆ ಅವನು ಟೋಪಿ ತೆಗೆದುಕೊಳ್ಳುತ್ತಾನೆ. ಹಳೆಯ ಅಗಲ ಅಂಚಿನದಲ್ಲ. ಮುಂದೆ ಚಿಕ್ಕ ಅಂಚು, ಹಿಂದೆ ಬಟ್ಟೆ. ಪತ್ರಕರ್ತರಿಗೆ ಟೋಪಿ ಹಾಕಿದ್ದಾಯಿತು, ಈಗ ತಾನೂ ಹಾಕಿಕೊಳ್ಳುತ್ತಾನೆ. ಹೊರಗೆ ಕಹಳೆ ಕೇಳುತ್ತದೆ. ಯಾರ್ಕ್ ಕುದುರೆ ಹತ್ತಿ ಮತ್ತೆ ಅಪಾಚಿಗಳ ಬೆನ್ನು ಹತ್ತುತ್ತಾನೆ.

[ಟೋಪಿಯ ಚಿತ್ರ. ಗೊರಸಿನ ಸದ್ದು ದೂರ ಆಗುತ್ತದೆ. ಪರದೆ ಕಪ್ಪು]