ವಿಆರ್‌ಡಬ್ಲ್ಯು ಆದ ಮೇಲೆ ಮುಂದೇನು?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯುಗಳು, ಅಂದರೆ ಊರಿನ ವಿಕಲಚೇತನರಿಗಾಗಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬಂದ ಎಂಆರ್‌ಡಬ್ಲ್ಯುಗಳೂ (ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇದ್ದೀರಿ, ವಿಶೇಷ ಶಾಲೆಯ ಆಯಾಗಳೂ ಇದ್ದೀರಿ. "ಯಾವ ಸರ್ಟಿಫಿಕೇಟ್ ಮಾಡಿದರೆ ಮುಂದೆ ಹೋಗಬಹುದು?" ಎಂಬುದು ಎಲ್ಲರ ಪ್ರಶ್ನೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಆ ಸರ್ಟಿಫಿಕೇಟ್ ನಿಮ್ಮ ಹೆಸರನ್ನು ಯಾವ ನೋಂದಣಿ ಪುಸ್ತಕಕ್ಕೆ ಸೇರಿಸುತ್ತದೆ?

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ. 1992ರ ಕಾಯ್ದೆಯ ಪ್ರಕಾರ ವಿಶೇಷ ಶಿಕ್ಷಕರು, ಕಿವಿ ಕೇಳುವಿಕೆಯ ತಜ್ಞರಾದ ಆಡಿಯಾಲಜಿಸ್ಟ್‌ಗಳು ಮುಂತಾದವರ ಹೆಸರು ಕೇಂದ್ರ ಪುನರ್ವಸತಿ ನೋಂದಣಿಯಲ್ಲಿ ಇರಬೇಕು. ನೋಂದಣಿ ಇಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಎರಡನೆಯದು ಕೌಶಲ ಮಂಡಳಿಗಳ ದಾರಿ: ಆಸ್ಪತ್ರೆಯ ಜನರಲ್ ಡ್ಯೂಟಿ ಅಸಿಸ್ಟೆಂಟ್, ಮನೆಯಲ್ಲಿ ಆರೈಕೆ ಮಾಡುವ ಹೋಮ್ ಹೆಲ್ತ್ ಏಡ್ ಇತ್ಯಾದಿ. ಆಸ್ಪತ್ರೆ ಕೆಲಸಕ್ಕೆ, ಹೋಮ್ ನರ್ಸಿಂಗ್ ಏಜೆನ್ಸಿಗೆ ಇದು ಸಾಕು. ಈಗಾಗಲೇ ಕೆಲಸ ಬಲ್ಲವರಿಗೆ ಆರ್‌ಪಿಎಲ್, ಅಂದರೆ ಮೊದಲೇ ಕಲಿತದ್ದಕ್ಕೆ ಮನ್ನಣೆ ಕೊಡುವ ಚಿಕ್ಕ ದಾರಿಯೂ ಇದೆ. ಪೂರ್ತಿ ತರಬೇತಿ ಬೇಡ, ಅಲ್ಪಾವಧಿಯ ಪರಿಚಯ ಮುಗಿಸಿ ಪರೀಕ್ಷೆಗೆ ಕೂರಬಹುದು. ಆದರೆ ಇದರಿಂದ ಆರ್‌ಸಿಐ ನೋಂದಣಿ ಸಿಗುವುದಿಲ್ಲ. ಹತ್ತು ಕೌಶಲ ಪ್ರಮಾಣಪತ್ರ ಇದ್ದರೂ ವಿಶೇಷ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕಲು ಬರುವುದಿಲ್ಲ. ಫಿಸಿಯೋಥೆರಪಿಯಂತೂ ಬೇರೆಯೇ, ಅದು 2021ರ ಕಾಯ್ದೆಯ ಇನ್ನೊಂದು ಆಯೋಗದ ಕೆಳಗೆ ಬರುತ್ತದೆ. ನಾಲ್ಕು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದೇವೆಂದು "ಥೆರಪಿ" ಬೋರ್ಡ್ ಹಾಕಿಕೊಳ್ಳುವ ಆಸೆ ಯಾರಿಗಾದರೂ ಇದ್ದರೆ ಇವತ್ತೇ ಬಿಡಿ.

ವಿಆರ್‌ಡಬ್ಲ್ಯುಗಳ ಕೆಲಸಕ್ಕೆ ತೀರಾ ಹತ್ತಿರವಾದದ್ದು ಆರು ತಿಂಗಳ ಸಿಬಿಐಡಿ (ಸಮುದಾಯ ಆಧಾರಿತ ಒಳಗೊಳ್ಳುವ ಅಭಿವೃದ್ಧಿ) ಸರ್ಟಿಫಿಕೇಟ್. ಆರ್‌ಸಿಐ ಮತ್ತು ಮೆಲ್ಬರ್ನ್ ವಿಶ್ವವಿದ್ಯಾಲಯ ಸೇರಿ ರೂಪಿಸಿ 2021ರ ಮೇ ತಿಂಗಳಲ್ಲಿ ಶುರು ಮಾಡಿದ ಕೋರ್ಸ್ ಇದು. ಮುಗಿಸಿದವರನ್ನು ದಿವ್ಯಾಂಗ ಮಿತ್ರ ಎನ್ನುತ್ತಾರೆ. ಮನೆ ಸಮೀಕ್ಷೆ, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಜೊತೆಗಿನ ಕೆಲಸ, ಬೇಗ ಗುರುತಿಸಿ ಸರಿಯಾದ ಕಡೆ ಕಳಿಸುವುದು, ಹೀಗೆ ನೀವು ದಿನವೂ ಮಾಡುವುದನ್ನೇ ಶಾಸ್ತ್ರೀಯವಾಗಿ ಕಲಿಸುತ್ತಾರೆ. ನಮ್ಮನ್ನು ಕೇಳಿದರೆ ಇಲ್ಲಿಂದಲೇ ಶುರು ಮಾಡಿ.

ಅದರ ಮೇಲಿನದು ಎರಡು ವರ್ಷದ ವಿಶೇಷ ಶಿಕ್ಷಣದ ಡಿಪ್ಲೊಮಾ. ಅದಕ್ಕೆ ಪಿಯುಸಿ ಬೇಕು. ಎಸ್‌ಎಸ್‌ಎಲ್‌ಸಿಗೇ ನಿಂತವರು ರಾಷ್ಟ್ರೀಯ ಮುಕ್ತ ಶಾಲೆಯಾದ ಎನ್‌ಐಒಎಸ್ ಮೂಲಕವೋ ಖಾಸಗಿ ಅಭ್ಯರ್ಥಿಯಾಗಿಯೋ ಮೊದಲು ಪಿಯುಸಿ ಮುಗಿಸಿಕೊಳ್ಳಿ, ಎರಡು ವರ್ಷ ಹೋದರೂ ಚಿಂತೆಯಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದರೆ ಮೈಸೂರಿನ ಆಯಿಷ್, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಡೆಸುವ ಒಂದು ವರ್ಷದ ಡಿಎಚ್‌ಎಲ್‌ಎಸ್ (ಶ್ರವಣ, ಭಾಷೆ, ಮಾತಿನ ಡಿಪ್ಲೊಮಾ) ಕೂಡ ನೋಡಿ.

ಎಡವುವುದು ಎಲ್ಲಿ? ಬೋರ್ಡಿನ ಮೇಲೆ "ಆರ್‌ಸಿಐ ಮಾನ್ಯತೆ ಪಡೆದ ಸಂಸ್ಥೆ" ಎಂದಿರುತ್ತದೆ. ಮಾನ್ಯತೆ ಸಿಗುವುದು ಇಡೀ ಸಂಸ್ಥೆಗಲ್ಲ. ಇಂಥ ಕೇಂದ್ರದ ಇಂಥ ಕೋರ್ಸಿಗೆ, ಇಂಥ ವರ್ಷದಿಂದ ಇಂಥ ವರ್ಷದವರೆಗೆ, ಇಷ್ಟು ಸೀಟು ಎಂದು ಕೊಡುತ್ತಾರೆ. ಅವಧಿ ಮುಗಿದ ವರ್ಷ ಸೇರಿದವರು ಪರೀಕ್ಷೆ ಪಾಸಾದರೂ ನೋಂದಣಿಗೆ ಹೋದಾಗ ಸಿಕ್ಕಿಬೀಳುತ್ತಾರೆ. ಫೀಸು ಕಟ್ಟುವ ಮೊದಲು ಆರ್‌ಸಿಐ ಜಾಲತಾಣದಲ್ಲಿ ಆ ಕೇಂದ್ರದ ಹೆಸರು, ಕೋರ್ಸು, ಅವಧಿ ಮೂರನ್ನೂ ನೋಡಿಕೊಳ್ಳಿ. "ಹಾಜರಾತಿ ನಾವು ನೋಡ್ಕೋತೀವಿ, ನೀವು ಕೆಲಸ ಬಿಡ್ಬೇಡಿ" ಎನ್ನುವವರಿಂದ ದೂರ ಇರಿ. ನಾಳೆ ಮಗುವಿನ ಮುಂದೆ ಕೂತಾಗ, ಮಾಡದೇ ಬಿಟ್ಟ ಪ್ರಾಯೋಗಿಕ ತರಬೇತಿ ಎದ್ದು ಕಾಣುತ್ತದೆ.

ಪ್ರಾಯೋಗಿಕ ಪರೀಕ್ಷೆ ಎಂದಾಗ ಎಲ್ಲರಿಗೂ ಪುಸ್ತಕದ ಭಯ. ಅಂಕ ಹೋಗುವುದು ಕೈಕೆಲಸದಲ್ಲಿ. ಮಂಚದಿಂದ ವೀಲ್‌ಚೇರಿಗೆ ಕೂರಿಸುವುದನ್ನೇ ತೆಗೆದುಕೊಳ್ಳಿ. ಲಕ್ವ ಹೊಡೆದವರಾದರೆ ಕುರ್ಚಿಯನ್ನು ಬಲವಿರುವ ಬದಿಗೆ, ಮಂಚಕ್ಕೆ 30ರಿಂದ 45 ಡಿಗ್ರಿ ಓರೆಯಾಗಿ ಇಡಬೇಕು. ಎರಡೂ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ಮೇಲೆತ್ತಿ, ಆಮೇಲೆ ಕೈ ಹಾಕಿ. ಹೆಚ್ಚಿನವರು ಕಂಕುಳಿಗೆ ಕೈ ಕೊಟ್ಟು ಎಳೆಯುತ್ತಾರೆ. ಸ್ವಾಧೀನವಿಲ್ಲದ ಕೈಯ ಹೆಗಲನ್ನು ಹಿಡಿದಿಡುವ ಸ್ನಾಯು ಸೋತಿರುವುದರಿಂದ ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನು ಹಿಡಿಯಿರಿ. ನೀವು ಬಗ್ಗುವುದು ಮಂಡಿಯಿಂದ, ಸೊಂಟದಿಂದಲ್ಲ. ಬೆನ್ನು ಹೋದರೆ ಈ ವೃತ್ತಿಯೂ ಹೋಯಿತು.

ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತ ತಪ್ಪುವ ಸ್ಥಿತಿ) ಇರುವ ಮಗುವಿಗೆ ಉಣಿಸುವಾಗ ತಲೆ ಹಿಂದಕ್ಕೆ ಬಾಗಿಸಿ ಗಂಜಿ ಸುರಿಯಬಾರದು. ತೆಳ್ಳಗಿನ ಗಂಜಿ ನುಂಗುವ ಮೊದಲೇ ಶ್ವಾಸನಾಳಕ್ಕೆ ಇಳಿಯಬಹುದು. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ, ಚಿಕ್ಕ ಚಮಚ ಸಾಕು, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ನಮ್ಮ ಕಡೆ ಇನ್ನೊಂದು ಮೋಸವಿದೆ: ಜೂನ್‌ನಿಂದ ಎಲ್ಲರಿಗೂ ಕೆಮ್ಮು, ಹಾಗಾಗಿ ಈ ಮಗುವಿನ ಕೆಮ್ಮನ್ನೂ "ಮಳೆಗಾಲದ್ದು" ಎಂದು ಬಿಟ್ಟುಬಿಡುತ್ತಾರೆ. ಊಟದ ಹೊತ್ತಿಗೇ ಕೆಮ್ಮು ಬರುತ್ತದೆಯೇ ನೋಡಿ. ಹಾಗಿದ್ದರೆ ಆಸ್ಪತ್ರೆಗೆ ಕಳಿಸಿ.

ತರಬೇತಿ ಪುಸ್ತಕಗಳು ಬಯಲು ಸೀಮೆಯ ಸಮತಟ್ಟು ಮನೆಯನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದಂತಿವೆ. ರ‍್ಯಾಂಪ್‌ಗೆ 1:12, ಅಂದರೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಎಂದು ಓದುತ್ತೀರಿ. ಎರಡಡಿ ಎತ್ತರದ ಜಗುಲಿಗೆ ಅದು 24 ಅಡಿ ಆಯಿತು. ಎಷ್ಟೋ ಮನೆಗಳಲ್ಲಿ ಅಂಗಳವೇ ಅಷ್ಟಿರುವುದಿಲ್ಲ. ಕಡಿದಾಗಿ ಕಟ್ಟಿಸಿ ಪಂಚಾಯಿತಿ ಬಿಲ್ ಮಾಡಿಸಿದರೆ ಮೊದಲ ಮಳೆಗೆ ಹಾವಸೆ ಕಟ್ಟಿ ಅದೇ ಜಾರುಬಂಡೆ. ನಡುವೆ ಸಮತಟ್ಟು ಕಟ್ಟೆ ಬಿಟ್ಟು ಎಲ್ ಆಕಾರದಲ್ಲಿ ತಿರುಗಿಸಿ, ಸಿಮೆಂಟ್ ಹಸಿ ಇರುವಾಗಲೇ ಅಡ್ಡಗೆರೆ ಎಳೆಸಿ, ಎರಡೂ ಕಡೆ ಹಿಡಿಕೆ ಹಾಕಿಸಿ. ಸಂದರ್ಶನದಲ್ಲಿ ಇಂಥದ್ದನ್ನು ಲೆಕ್ಕ ಸಮೇತ ಹೇಳುವವರು ಕಡಿಮೆ.

ಅದನ್ನು ಹೇಳಲು ಡೈರಿ ಬೇಕು. "ಮನೆ ಭೇಟಿ ಮಾಡಲಾಯಿತು" ಎಂಬ ಸಾಲು ಯಾರಿಗೂ ಉಪಯೋಗವಿಲ್ಲ. "52 ವರ್ಷ, ಎಡಗಡೆ ಸ್ವಾಧೀನವಿಲ್ಲ, ಬಾಲದ ಮೂಳೆಯ ಹತ್ತಿರ ಕೆಂಪು, ಬೆರಳೊತ್ತಿದರೂ ಬಿಳಿಚಿಕೊಳ್ಳುವುದಿಲ್ಲ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಸೊಸೆಗೆ ತೋರಿಸಿದೆ, ವಾರದ ನಂತರ ಕೆಂಪು ಹೋಗಿದೆ" ಎಂದು ಬರೆದರೆ ಅದು ಅನುಭವದ ದಾಖಲೆ. ಹೆಸರು ಬೇಡ, ಮನೆ ಗುರುತೂ ಬೇಡ. ವಿಕಲಚೇತನರ ಗುರುತಿನ ಚೀಟಿ ಯುಡಿಐಡಿ ಎಷ್ಟು ಮಾಡಿಸಿದಿರಿ, ನಿರಾಮಯ ಆರೋಗ್ಯ ವಿಮೆಗೆ ಯಾರನ್ನು ಸೇರಿಸಿದಿರಿ, 18 ತುಂಬಿದ ಬೌದ್ಧಿಕ ವಿಕಲಚೇತನರ ಪೋಷಕತ್ವದ ಅರ್ಜಿಯನ್ನು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಹೇಗೆ ಮುಟ್ಟಿಸಿದಿರಿ, ಇವೆಲ್ಲ ಇರಲಿ. ಅನುಭವ ಪತ್ರ ಕೇಳುವಾಗಲೂ "ಉತ್ತಮ ನಡತೆ" ಸಾಲದು. ಶುರುವಾದ ಮತ್ತು ಮುಗಿದ ತಾರೀಕು, ಯಾವ ವಿಕಲತೆಯವರೊಂದಿಗೆ ಯಾವ ಕೆಲಸ ಎಂಬುದು, ಮೇಲ್ವಿಚಾರಕರ ಹುದ್ದೆ ಇರಬೇಕು.

ಕಾಗದದ ಇನ್ನೊಂದು ತೊಡಕು ಇನಿಷಿಯಲ್. ಅಂಕಪಟ್ಟಿಯಲ್ಲಿ ಒಂದಕ್ಷರ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಮದುವೆಯಾದ ಹೆಣ್ಣುಮಕ್ಕಳಿಗೆ ಬ್ಯಾಂಕಿನಲ್ಲಿ ಗಂಡನ ಹೆಸರು. ಕೋರ್ಸ್ ಸೇರುವ ಮೊದಲೇ ಆಧಾರನ್ನು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೊಂದಿಸಿಕೊಳ್ಳಿ. ಮೂಲ ಅಂಕಪಟ್ಟಿಯನ್ನು ಸಂಸ್ಥೆಯಲ್ಲಿ ಬಿಟ್ಟು ಬರಬೇಡಿ, ಪರಿಶೀಲಿಸಿ ವಾಪಸ್ ಕೊಡಲಿ.

ನೋಂದಣಿ ಸಿಕ್ಕ ಮೇಲೂ ಅದು ಕಾಯಂ ಅಲ್ಲ, ನವೀಕರಣಕ್ಕೆ ಸಿಆರ್‌ಇ, ಅಂದರೆ ಮುಂದುವರಿದ ಪುನರ್ವಸತಿ ಶಿಕ್ಷಣದ ಅಂಕಗಳು ಬೇಕು. ಅಂಕ ಸಿಗುವುದು ಆರ್‌ಸಿಐ ಮೊದಲೇ ಒಪ್ಪಿದ ಕಾರ್ಯಾಗಾರಗಳಿಗೆ ಮಾತ್ರ. ಆಹ್ವಾನ ಪತ್ರಿಕೆಯಲ್ಲಿ ಸಿಆರ್‌ಇ ಅಂಕ ಎಷ್ಟು ಎಂದು ಬರೆದಿರದಿದ್ದರೆ ಫೋನ್ ಮಾಡಿ ಕೇಳಿ. ಇಲ್ಲ ಎಂದರೆ ಊಟಕ್ಕೆ ಬೇಕಾದರೆ ಹೋಗಿ ಬನ್ನಿ, ನವೀಕರಣದ ಲೆಕ್ಕಕ್ಕೆ ಅದು ಬರುವುದಿಲ್ಲ.