ತೋಟಕ್ಕೊಂದು ಗಟ್ಟಿ ಮಲ್ಟಿ ಟೂಲ್

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಮಲ್ಟಿ ಟೂಲ್ ಬಗ್ಗೆ ಮಾತಾಡೋಣ. ಕೀ ಚೈನಿಗೆ ನೇತುಹಾಕುವ ಚಿಕ್ಕದನ್ನು ಬಿಡಿ. ಬೆಲ್ಟಿಗೆ ಸಿಕ್ಕಿಸಿಕೊಂಡು ತೋಟಕ್ಕೆ ಇಳಿಯುವಂಥ, ಕೈಗೆ ಚೆನ್ನಾಗಿ ತೂಕ ಸಿಗುವ ದೊಡ್ಡದರ ಬಗ್ಗೆ ಹೇಳುತ್ತೇನೆ. ಮಡಚಿದ ಎರಡು ಹಿಡಿಗಳನ್ನು ಬಿಡಿಸಿದರೆ ನಡುವೆ ಇಕ್ಕುಳ ಬರುತ್ತದೆ. ಹಿಡಿಗಳ ಒಳಗೆ ಚಾಕು, ಗರಗಸ, ಅರ, ಕತ್ತರಿ, ದಬ್ಬಳ, ಸ್ಕ್ರೂ ಡ್ರೈವರ್ ಎಲ್ಲ ಮಲಗಿರುತ್ತವೆ.

ಕೊಡಗಿನಲ್ಲಿ ಕೆಲಸ ಇರುವ ಜಾಗಕ್ಕೂ ಟೂಲ್ ಬಾಕ್ಸ್ ಇರುವ ಜಾಗಕ್ಕೂ ದೂರ ಜಾಸ್ತಿ. ಪಂಪ್‌ಸೆಟ್ ಕೆರೆ ಹತ್ತಿರ ಇರುತ್ತದೆ, ಇಲ್ಲವೇ ಹೊಳೆ ದಡದಲ್ಲಿ. ಬೇಲಿ ಕಾಡಿನ ಅಂಚಿನಲ್ಲಿ. ಮನೆ ಏರಿನ ಮೇಲೆ. ಒಂದು ಕ್ಲ್ಯಾಂಪ್ ಸಡಿಲ ಆಯಿತು ಅಂತ ಸ್ಕ್ರೂ ಡ್ರೈವರ್ ತರಲು ಹೋದರೆ, ಹೋಗಿ ಬರುವಷ್ಟರಲ್ಲಿ ಅರ್ಧ ಗಂಟೆ ಆಗುತ್ತದೆ. ಜುಲೈ ತಿಂಗಳ ಮಳೆಯಲ್ಲಂತೂ ಕೇಳುವುದೇ ಬೇಡ.

ಈ ಸಾಮಾನು ಹುಟ್ಟಿದ್ದೂ ಇಂಥ ತಾಪತ್ರಯದಿಂದಲೇ. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿಯ ಜೊತೆ ಹಳೇ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುತ್ತಿದ್ದರು. ದಾರಿಯಲ್ಲಿ ಕಾರು ಕೈಕೊಡುತ್ತಿತ್ತು. ಉಳಿದುಕೊಂಡ ಹೋಟೆಲುಗಳಲ್ಲಿ ಪೈಪು ಸೋರುತ್ತಿತ್ತು. ಜೇಬಿನಲ್ಲಿ ಚಾಕು ಇತ್ತು, ಇಕ್ಕುಳ ಇರಲಿಲ್ಲ. ಊರಿಗೆ ಮರಳಿದ ಮೇಲೆ ಇಕ್ಕುಳ ಇರುವ ಚಾಕು ಮಾಡಲು ಕೂತರು. ಅದು ಅಂಗಡಿಗೆ ಬರುವ ಹೊತ್ತಿಗೆ 1983 ಆಗಿತ್ತು.

ಇದನ್ನು ಯಾಕೆ ಹೇಳಿದೆ ಅಂದರೆ, ಅವರಿಗೆ ಇಲ್ಲದೇ ಹೋದದ್ದು ಇಕ್ಕುಳ. ನಮ್ಮ ಕಥೆಯೂ ಅದೇ. ಕೊಡಗಿನ ಮನೆಯಲ್ಲಿ ಕತ್ತಿಗೆ ಬರ ಇಲ್ಲ. ತೋಟದ ಕೆಲಸಕ್ಕೆ ಒಂದು, ಅಡುಗೆಮನೆಗೆ ಒಂದು, ಗೋಡೆ ಮೇಲೆ ಅಜ್ಜನ ಕಾಲದ ಒಡಿಕತ್ತಿ ಬೇರೆ. ಅದಕ್ಕೇ ಮಲ್ಟಿ ಟೂಲ್ ಕೊಳ್ಳುವಾಗ ಚಾಕು ನೋಡಿ ಮರುಳಾಗಬೇಡಿ. ಮೊದಲು ಇಕ್ಕುಳ ನೋಡಿ. ಇಕ್ಕುಳ ಚೆನ್ನಾಗಿಲ್ಲ ಅಂದರೆ ಉಳಿದ ಇಪ್ಪತ್ತು ಸಾಮಾನು ಇದ್ದೂ ಪ್ರಯೋಜನ ಇಲ್ಲ.

ನೋಡುವುದು ಹೇಗೆ? ಅಂಗಡಿಯಲ್ಲಿ ಇಕ್ಕುಳ ಮುಚ್ಚಿ, ಬೆಳಕಿಗೆ ಹಿಡಿಯಿರಿ. ಮೂತಿಯ ತುದಿ ಒಂದಕ್ಕೊಂದು ಸರಿಯಾಗಿ ಕೂರಬೇಕು. ತುದಿಯಲ್ಲಿ ಸಂದು ಕಂಡರೆ ಸಣ್ಣ ಮೊಳೆಯೂ ಹಿಡಿತಕ್ಕೆ ಸಿಗುವುದಿಲ್ಲ. ಆಮೇಲೆ ಎರಡು ಹಿಡಿಗಳನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಲೊಡಲೊಡ ಅಂದರೆ ಅಲ್ಲೇ ವಾಪಸ್ ಕೊಡಿ. ಕೊನೆಗೆ ಒಂದು ದಪ್ಪ ತಂತಿ ತುಂಡು ಕೊಟ್ಟು ಜೋರಾಗಿ ಒತ್ತಿ. ಅಂಗೈಗೆ ಹಿಡಿಯ ಅಂಚು ಚುಚ್ಚುತ್ತದಾ, ಹಿಡಿ ಬಾಗುತ್ತದಾ ಅಂತ ಗಮನಿಸಿ. ದಿನವಿಡೀ ಬೇಲಿ ಕಟ್ಟುವಾಗ ಈ ಚುಚ್ಚುವಿಕೆಯೇ ಕೈಯಲ್ಲಿ ಬೊಬ್ಬೆ ಏಳಿಸುವುದು.

ಹೆಸರು ಹೇಳಿ ಅಂತ ಕೇಳುತ್ತೀರಿ. ಲೆದರ್‌ಮನ್ ಕಂಪನಿಯ ಸರ್ಜ್ ಅನ್ನುವುದು ಮುನ್ನೂರು ಗ್ರಾಂಗಿಂತ ಹೆಚ್ಚೇ ತೂಗುತ್ತದೆ. ಇಕ್ಕುಳ ದೊಡ್ಡದು. ತಂತಿ ಕತ್ತರಿಸುವ ಭಾಗ ಸವೆದರೆ ಅದನ್ನಷ್ಟೇ ಬದಲಾಯಿಸಬಹುದು. ಚಾಕುವನ್ನು ಒಂದೇ ಕೈಯಲ್ಲಿ ಹೊರಗಿನಿಂದಲೇ ತೆಗೆಯಬಹುದು. ಅದೇ ಕಂಪನಿಯ ಸೂಪರ್ ಟೂಲ್ 300 ಸುಮಾರು 270 ಗ್ರಾಂ. ಇಕ್ಕುಳ ಗಟ್ಟಿ. ಆದರೆ ಚಾಕು ಬೇಕು ಅಂದರೆ ಮೊದಲು ಹಿಡಿ ಬಿಡಿಸಬೇಕು. ಸ್ವಿಟ್ಜರ್‌ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಸ್ವಿಸ್ ಟೂಲ್ ಮಡಚಿದಾಗ 115 ಮಿಲಿಮೀಟರ್ ಉದ್ದ. ಅದರ ನಯಗಾರಿಕೆ ಬಹಳ ಚೆನ್ನಾಗಿದೆ, ಸಾಮಾನೆಲ್ಲ ಹೊರಗಿನಿಂದಲೇ ತೆರೆಯುತ್ತವೆ.

ಏಣಿ ಹತ್ತುವವರಿಗೆ, ಮರದ ಕೊಂಬೆ ಕಪಾತು ಮಾಡಿಸುವವರಿಗೆ ಒಂದು ಕೈ ಯಾವಾಗಲೂ ಯಾವುದನ್ನೋ ಹಿಡಿದಿರುತ್ತದೆ. ಅವರಿಗೆ ಒಂದೇ ಕೈಯಲ್ಲಿ ತೆರೆಯುವುದೇ ಸರಿ. ಪಂಪ್, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್, ಜೀಪು ನೋಡಿಕೊಳ್ಳುವವರು ಸೂಪರ್ ಟೂಲ್ ಥರದ್ದು ತೆಗೆದುಕೊಂಡರೂ ನಡೆಯುತ್ತದೆ. ಯಾವುದೇ ಆಗಲಿ, ತೆರೆದ ಅಲಗು ಲಾಕ್ ಆಗಲೇಬೇಕು. ಇದರಲ್ಲಿ ರಾಜಿ ಬೇಡ. ಒದ್ದೆ ಕೈಯಲ್ಲಿ ಒತ್ತುವಾಗ ಅಲಗು ಮಡಚಿಕೊಂಡರೆ ಬೆರಳೇ ಹೋಗುತ್ತದೆ.

ಇವುಗಳ ಬೆಲೆ ಕಡಿಮೆ ಅಲ್ಲ. ಅದಕ್ಕೇ ನಕಲಿ ಮಾಲೂ ಬಹಳ ಓಡಾಡುತ್ತದೆ. ಅರ್ಧಕ್ಕಿಂತ ಕಡಿಮೆ ಬೆಲೆಗೆ ಅದೇ ಹೆಸರು ಸಿಕ್ಕಿತು ಅಂದರೆ ಅನುಮಾನ ಪಡಿ. ಲೆದರ್‌ಮನ್ 25 ವರ್ಷದ ವಾರಂಟಿ ಕೊಡುತ್ತದೆ. ಆ ವಾರಂಟಿಗಾಗಿಯೇ ಬಿಲ್ ಇರುವ ಅಂಗಡಿಯಲ್ಲಿ ಕೊಳ್ಳಿ.

ತೂಕದ ಬಗ್ಗೆಯೂ ಯೋಚನೆ ಮಾಡಿ. ಕಾಲು ಕಿಲೋ, ಮುನ್ನೂರು ಗ್ರಾಂ ಅಂದರೆ ಸುಮ್ನೆ ಕೇಳಲು ಸುಲಭ. ಇಡೀ ದಿನ ಏರು ತಗ್ಗು ಓಡಾಡಿದರೆ ಬೆಲ್ಟ್ ಜಗ್ಗುತ್ತದೆ. ಆಗ ಬಿಚ್ಚಿ ಜೀಪಿನಲ್ಲಿ ಇಡುತ್ತೇವೆ. ಜೀಪಿನಲ್ಲಿ ಇಟ್ಟರೆ ಟೂಲ್ ಬಾಕ್ಸಿಗೂ ಇದಕ್ಕೂ ವ್ಯತ್ಯಾಸ ಏನು ಉಳಿಯಿತು? ಸ್ವಲ್ಪ ಹಗುರದ್ದೇ ಆದರೂ ಸೊಂಟದಲ್ಲಿ ಇರುವಂಥದ್ದು ತೆಗೆದುಕೊಳ್ಳಿ. ಚೀಲ ಮಾತ್ರ ಚರ್ಮದ್ದು ಬೇಡ. ನಮ್ಮ ಮಳೆಗೆ ಚರ್ಮ ಒಣಗುವುದೇ ಇಲ್ಲ, ಬೂಷ್ಟು ಹಿಡಿಯುತ್ತದೆ, ಒಳಗಿನ ಉಕ್ಕಿಗೂ ತೇವ ಅಂಟುತ್ತದೆ. ನೈಲಾನ್ ಪೌಚ್ ಒಳ್ಳೆಯದು.

ಈಗ ಬಳಕೆಗೆ ಬರೋಣ. ಫೆಬ್ರವರಿ, ಮಾರ್ಚಿನಲ್ಲಿ ರೋಬಸ್ಟಾ ಕಾಫಿಗೆ ಹೂವು ಅರಳಲಿ ಅಂತ ನೀರು ಕೊಡುವ ಸಮಯ ನೆನೆಸಿಕೊಳ್ಳಿ. ಸ್ಪ್ರಿಂಕ್ಲರ್ ಓಡುತ್ತಿದೆ. ಸಾಲಿನಲ್ಲಿ ನೀರು ಚಿಮ್ಮಿಸುವ ಒಂದು ಜೆಟ್ ಮಾತ್ರ ಸರಿಯಾಗಿ ತಿರುಗುತ್ತಿಲ್ಲ, ನೀರು ಹತ್ತಿರವೇ ಬೀಳುತ್ತಿದೆ. ಆ ಸುತ್ತಿನ ಗಿಡಗಳಿಗೆ ನೀರು ಸಾಲದೇ ಹೋದರೆ ಅಲ್ಲಿ ಹೂವು ಸರಿಯಾಗಿ ಅರಳುವುದಿಲ್ಲ. ನಳಿಗೆಯಲ್ಲಿ ಕೆರೆಯ ಕಸ, ಇಲ್ಲವೇ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡಿರುತ್ತದೆ. ತಕ್ಷಣ ಕೈ ಹೋಗುವುದು ದಬ್ಬಳಕ್ಕೆ. ಹೋಗಬಾರದು. ನಳಿಗೆ ಹಿತ್ತಾಳೆಯದು, ದಬ್ಬಳ ಉಕ್ಕಿನದು. ಒಂದು ಸಲ ತಿರುವಿದರೆ ಸಾಕು, ತೂತಿನ ಅಂಚು ಕೆರೆದು ಹೋಗುತ್ತದೆ. ಆಮೇಲೆ ಆ ಜೆಟ್ಟಿನ ನೀರು ಬೇರೆಯವುಗಳಂತೆ ಹರಡುವುದೇ ಇಲ್ಲ. ಆ ಸಾಲಿಗೆ ಬರುವ ನೀರು ನಿಲ್ಲಿಸಿ. ಇಕ್ಕುಳದ ಒಳಗಿನ ದಪ್ಪ ಹಲ್ಲುಗಳ ನಡುವೆ ನಳಿಗೆಯ ಚಪ್ಪಟೆ ಬದಿ ಹಿಡಿದು, ಮೆಲ್ಲಗೆ ತಿರುಗಿಸಿ ಬಿಚ್ಚಿ. ಹಿಂದಿನಿಂದ ಊದಿ. ಹೋಗಲಿಲ್ಲ ಅಂದರೆ ಪೊರಕೆ ಕಡ್ಡಿ ತೂರಿಸಿ. ತೊಳೆದು ಮತ್ತೆ ಕೂರಿಸಿ.

ಅದೇ ದಬ್ಬಳ ಬೇರೆ ಕಡೆ ಬಹಳ ಉಪಕಾರಿ. ಕೆಲವು ಮಾಡೆಲ್‌ಗಳ ದಬ್ಬಳದಲ್ಲಿ ದಾರದ ಕಣ್ಣು ಇರುತ್ತದೆ. ಕಣದಲ್ಲಿ ಗೋಣಿಚೀಲ ಹರಿದಾಗ ಅಲ್ಲೇ ನಿಂತು ಹೊಲಿಯಬಹುದು. ಹಲ್ಲಿನ ಚಾಕು ನೈಲಾನ್ ಹಗ್ಗ ಕೊಯ್ಯಲು ಚೆನ್ನ. ಗರಗಸ ಹೆಬ್ಬೆರಳ ದಪ್ಪದ ಕೊಂಬೆಗೆ ಸಾಕು, ಅದಕ್ಕಿಂತ ದಪ್ಪಕ್ಕೆ ಬೇರೆ ಗರಗಸ ತನ್ನಿ. ಕಾಫಿ ಗಿಡದ ಕಸಿಗೆ, ಅಂದರೆ ಬೇಡದ ರೆಂಬೆ ಸವರಲು, ಕಸಿ ಕತ್ತರಿಯೇ ಬೇಕು, ಇದರ ಪುಟ್ಟ ಕತ್ತರಿ ಆಗದು.

ಮಾಡಬಾರದ ಕೆಲಸವನ್ನೂ ಹೇಳಬೇಕು. ಗಟ್ಟಿಯಾಗಿ ಕೂತ ನಟ್ಟನ್ನು ಇಕ್ಕುಳದಿಂದ ಬಿಚ್ಚಲು ಹೋಗಬೇಡಿ. ನಟ್ಟಿನ ಮೂಲೆ ಉರುಟಾಗುತ್ತದೆ, ಆಮೇಲೆ ಸ್ಪ್ಯಾನರಿಗೂ ಸಿಗುವುದಿಲ್ಲ. ಮೂತಿಯ ತುದಿಯನ್ನು ಪಕ್ಕಕ್ಕೆ ತಿರುಚಿ ಮೀಟಬೇಡಿ, ತುದಿ ಮುರಿಯುತ್ತದೆ. ಬೈಂಡಿಂಗ್ ವೈರನ್ನು ಸುಲಭವಾಗಿ ಕತ್ತರಿಸುವ ಅದೇ ಬಾಯಿಯಿಂದ ಬೇಲಿಯ ಗಡಸು ತಂತಿಯನ್ನು ಕತ್ತರಿಸಿದರೆ ಅಲಗಿನಲ್ಲಿ ಹಳ್ಳ ಬೀಳುತ್ತದೆ. ಗಡಸು ತಂತಿಗೆ ಬುಡದ ಹತ್ತಿರ ಬೇರೆಯೇ ಕಚ್ಚು ಇದ್ದರೆ ಅಲ್ಲೇ ಇಡಿ. ಇಲ್ಲದಿದ್ದರೆ ದೊಡ್ಡ ಕಟ್ಟರ್ ತನ್ನಿ.

ಕರೆಂಟಿನ ವಿಷಯ ದಯವಿಟ್ಟು ಗಮನ ಇಟ್ಟು ಕೇಳಿ. ಮನೆಯ ಕಟಿಂಗ್ ಪ್ಲೇಯರಿಗೆ ರಬ್ಬರ್ ಹಿಡಿ ಇರುತ್ತದೆ. ಮಲ್ಟಿ ಟೂಲ್ ಹಿಡಿಯಿಂದ ಮೂತಿಯವರೆಗೆ ಬರೀ ಲೋಹ. ಪಂಪ್ ಸ್ಟಾರ್ಟರ್ ಆಗಲಿ, ಮನೆಯ ಫ್ಯೂಸ್ ಆಗಲಿ, ಮೇನ್ ತೆಗೆಯದೆ ಇದರಿಂದ ಮುಟ್ಟಲೇಬಾರದು. ಆನೆ ಬರುವ ಕಡೆ ಹಾಕಿರುವ ಸೋಲಾರ್ ಬೇಲಿಯಲ್ಲಿ ಸಾವಿರಾರು ವೋಲ್ಟಿನ ಹೊಡೆತ ಕ್ಷಣ ಕ್ಷಣಕ್ಕೂ ಹರಿಯುತ್ತಿರುತ್ತದೆ. ಪ್ರತಿ ಹೊಡೆತ ಇರುವುದು ತೀರಾ ಕಡಿಮೆ ಹೊತ್ತು, ಆದ್ದರಿಂದ ಸಾಮಾನ್ಯವಾಗಿ ಜೀವ ಹೋಗುವುದಿಲ್ಲ. ಆದರೆ ಇಳಿಜಾರಿನಲ್ಲಿ ನಿಂತವರು ಬೆಚ್ಚಿ ಉರುಳಿಬಿದ್ದರೆ ಆ ಪೆಟ್ಟು ದೊಡ್ಡದು. ಬೇಲಿಗೆ ಕರೆಂಟು ಕಳಿಸುವ ಎನರ್ಜೈಸರ್ ಪೆಟ್ಟಿಗೆ ಆಫ್ ಮಾಡಿ, ಸ್ವಿಚ್ ಹತ್ತಿರ ಒಬ್ಬರನ್ನು ನಿಲ್ಲಿಸಿ, ಆಮೇಲೆ ತಂತಿ ಮುಟ್ಟಿ. ಇನ್ನೊಬ್ಬರ ಬೇಲಿಯನ್ನಂತೂ ಸೋಲಾರ್ ಇರಬೇಕು ಅಂತ ನಂಬಿ ಮುಟ್ಟಬೇಡಿ. ಕೆಲವರು ಬೇಲಿಗೆ ನೇರ ಲೈನಿನಿಂದ ಕರೆಂಟು ಎಳೆಯುತ್ತಾರೆ. ಅದು ಅಪರಾಧ. ಆನೆಯನ್ನೂ ಕೊಲ್ಲುತ್ತದೆ, ಮನುಷ್ಯರನ್ನೂ ಕೊಲ್ಲುತ್ತದೆ.

ಇನ್ನು ಜೋಪಾನ. ಸ್ಟೇನ್‌ಲೆಸ್ ಅಂದ ಮಾತ್ರಕ್ಕೆ ತುಕ್ಕೇ ಹಿಡಿಯುವುದಿಲ್ಲ ಅಂತಲ್ಲ. ಮಳೆಗಾಲದಲ್ಲಿ ಮಣ್ಣು, ಕಾಫಿ ತಿರುಳಿನ ಅಂಟು, ಬೆವರು ಎಲ್ಲ ಕೀಲಿನೊಳಗೆ ಸೇರುತ್ತದೆ. ಸಂಜೆ ಬಿಸಿನೀರಿಗೆ ಸ್ವಲ್ಪ ಸೋಪು ಹಾಕಿ, ಎಲ್ಲ ಅಲಗುಗಳನ್ನೂ ಬಿಡಿಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಒಲೆಯ ಹತ್ತಿರ ಇಟ್ಟು ಪೂರ್ತಿ ಒಣಗಿಸಿ. ಪ್ರತಿ ಕೀಲಿಗೂ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ. ತೆಂಗಿನೆಣ್ಣೆ ಬೇಡ, ಅದು ಚಳಿಗೆ ಗಟ್ಟಿಯಾಗಿ ಅಂಟುತ್ತದೆ. ಚಾಕುವನ್ನು ಮಸೆಗಲ್ಲಿನ ಮೇಲೆ ಆಗಾಗ ಸ್ವಲ್ಪ ಸ್ವಲ್ಪ ಮಸೆಯಿರಿ. ಪೂರ್ತಿ ಮೊಂಡಾಗಲು ಬಿಟ್ಟರೆ ಕೆಲಸ ಜಾಸ್ತಿ. ಹಲ್ಲಿನ ಚಾಕುವಿಗೆ ಚಪ್ಪಟೆ ಕಲ್ಲು ಆಗುವುದಿಲ್ಲ, ಉರುಟು ಅರ ಬೇಕು.

ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್ ಮುಹೂರ್ತಕ್ಕೆ ಮನೆಯ ಆಯುಧಗಳನ್ನೆಲ್ಲ ತೊಳೆದು ಪೂಜೆಗೆ ಇಡುತ್ತೇವಲ್ವಾ, ಮಲ್ಟಿ ಟೂಲನ್ನೂ ಜೊತೆಗೇ ಇಡಿ. ಮಳೆಗಾಲದ ತುಕ್ಕು ಎಲ್ಲೆಲ್ಲಿ ಕೂತಿದೆ ಅಂತ ನೋಡಲು ಅದಕ್ಕಿಂತ ಒಳ್ಳೆಯ ದಿನ ಇಲ್ಲ. ಸಡಿಲವಾದ ತಿರುಪು ಇದ್ದರೆ ಆವತ್ತೇ ಬಿಗಿ ಮಾಡಿ.

ಇನ್ನೊಂದು ವಿಷಯ. ಕಣ್ಣೂರಿನಲ್ಲೋ ಮಂಗಳೂರಿನಲ್ಲೋ ವಿಮಾನ ಹತ್ತುವವರು ಹೊರಡುವ ಮೊದಲು ಬೆಲ್ಟ್ ತಡವಿ ನೋಡಿಕೊಳ್ಳಿ. ಚಾಕು ಇರುವ ಮಲ್ಟಿ ಟೂಲನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಚೆಕ್ ಇನ್ ಮಾಡುವ ಪೆಟ್ಟಿಗೆಯಲ್ಲಿ ಹಾಕಿ, ಇಲ್ಲವೇ ಮನೆಯಲ್ಲೇ ಬಿಟ್ಟು ಹೋಗಿ.

ನಮಸ್ಕಾರ.